ದಿವಾಳಿ ಆಗುವುದಕ್ಕೂ ಕಂಪನಿಯೇ ಆಗಿರಬೇಕೆ?

ಸನ್ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,
ಕೇಂದ್ರ ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವರು,
ನವದೆಹಲಿ

ವಿಷಯ: 2016ರ ದಿವಾಳಿ ಸಂಹಿತೆಯ ಮೂರನೇ ಭಾಗವನ್ನು ಸಣ್ಣ ಮಾಲೀಕರಿಗೂ ಸಾಮಾನ್ಯ ಸಾಲಗಾರರಿಗೂ ಜಾರಿಗೆ ತರುವ ಬಗ್ಗೆ

ಮಾನ್ಯರೇ,

ನೀವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ದಿವಾಳಿ ಕಾನೂನು ನಿಮ್ಮ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ್ದು, ಬ್ಯಾಂಕುಗಳು ನಿಮ್ಮ ಹಣಕಾಸು ಸಚಿವಾಲಯದ್ದು. ಹಾಗಾಗಿ ಈ ಪತ್ರಕ್ಕೆ ಬೇರೆ ವಿಳಾಸ ಹುಡುಕಬೇಕಾಗಿ ಬರಲಿಲ್ಲ. ನಾನು ಬೆಂಗಳೂರಿನ ಪೀಣ್ಯದಲ್ಲಿ ಸಣ್ಣಪುಟ್ಟ ವರ್ಕ್‌ಶಾಪ್‌ಗಳ ಲೆಕ್ಕ ಬರೆದುಕೊಂಡು, ಜಿಎಸ್‌ಟಿ ರಿಟರ್ನ್ ತುಂಬಿಕೊಂಡು ಬದುಕುವವನು. ವಕೀಲನಲ್ಲ, ಆಡಿಟರೂ ಅಲ್ಲ. ಆದರೆ ಒಬ್ಬ ಮನುಷ್ಯನ ವ್ಯವಹಾರ ಕುಸಿಯುತ್ತಿದೆ ಅನ್ನುವುದು ಎಷ್ಟೋ ಸಲ ಅವನ ಮನೆಯವರಿಗಿಂತ ಮೊದಲು ಲೆಕ್ಕ ಬರೆಯುವವನಿಗೆ ಗೊತ್ತಾಗುತ್ತದೆ. ಹಾಗೆ ಗೊತ್ತಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ರಸ್ತೆಯ ಎರಡು ಶೆಡ್ಡುಗಳ ವಿಚಾರದಿಂದ ಶುರು ಮಾಡುತ್ತೇನೆ. ಹೆಸರುಗಳು ಬೇಡ, ಒಬ್ಬರನ್ನು ಮೂಲೆ ಶೆಡ್ಡಿನವರು, ಇನ್ನೊಬ್ಬರನ್ನು ಎದುರು ಶೆಡ್ಡಿನವರು ಅನ್ನೋಣ. ಇಬ್ಬರೂ ಬೇರೆಯವರ ಕೈಕೆಳಗೆ ಟರ್ನರ್ ಆಗಿದ್ದು, ಆಮೇಲೆ ಸ್ವಂತಕ್ಕೆ ಲೇತ್ ಹಾಕಿಕೊಂಡವರು. ಮಾಡುತ್ತಿದ್ದದ್ದು ಜಾಬ್ ವರ್ಕ್: ವಾಹನದ ಬಿಡಿಭಾಗ ಮಾಡುವ ದೊಡ್ಡ ಕಂಪನಿಗಳಿಗೆ ಬುಷ್, ಪಿನ್, ಶಾಫ್ಟ್. ಇಬ್ಬರೂ ಸಿಎನ್‌ಸಿ ಮಷಿನ್‌ಗೆಂದು ಬ್ಯಾಂಕ್ ಸಾಲ ಎತ್ತಿದರು. ಕೋವಿಡ್ ಬಂತು, ಆರ್ಡರ್ ನಿಂತವು. ರಿಸರ್ವ್ ಬ್ಯಾಂಕ್ 2020ರಲ್ಲಿ ಆರು ತಿಂಗಳು ಕಂತಿಗೆ ಬಿಡುವು ಕೊಟ್ಟಿತು, ಬಡ್ಡಿಗೆ ಕೊಡಲಿಲ್ಲ. ಮತ್ತೆ ಕೆಲಸ ಶುರುವಾದಾಗ ಮಾಲು ಹೋಯಿತು, ದುಡ್ಡು ಬರಲಿಲ್ಲ. ಸಣ್ಣ ಉದ್ಯಮಗಳ ಬಿಲ್ಲನ್ನು 45 ದಿನದೊಳಗೆ ತೀರಿಸಬೇಕೆಂಬ ಕಾಯ್ದೆ 2006ರಿಂದ ಇದೆ. ಇವರು ಪಾರ್ಟಿಗಳಿಗೆ ಫೋನ್ ಮಾಡಿದಾಗೆಲ್ಲ ಬಂದ ಉತ್ತರ ಒಂದೇ, "ಮುಂದಿನ ತಿಂಗಳು ನೋಡೋಣ ಸಾರ್." ಕೋರ್ಟಿಗೆ ಹೋದರೆ ಆ ಪಾರ್ಟಿ ಮತ್ತೆ ಆರ್ಡರ್ ಕೊಡುವುದಿಲ್ಲ. ಹಾಗಾಗಿ ಯಾರೂ ಹೋಗುವುದಿಲ್ಲ.

ಇಲ್ಲಿಯವರೆಗೆ ಎರಡು ಲೆಡ್ಜರ್‌ಗಳೂ ಹೆಚ್ಚುಕಡಿಮೆ ಒಂದೇ ಥರ ಇದ್ದವು. ವ್ಯತ್ಯಾಸ ಇದ್ದದ್ದು ಒಂದೇ ಒಂದು ಕಾಗದದಲ್ಲಿ. ಎದುರು ಶೆಡ್ಡಿನವರು ಆಡಿಟರ್ ಮಾತು ಕೇಳಿ ಪ್ರೈವೇಟ್ ಲಿಮಿಟೆಡ್ ಮಾಡಿಸಿದ್ದರು. ಸಾಲ ಕಂಪನಿಯ ಹೆಸರಲ್ಲಿತ್ತು, ಅದಕ್ಕೆ ಅವರು ಸ್ವಂತ ಜಾಮೀನು ಹಾಕಿದ್ದರು. ಮೂಲೆ ಶೆಡ್ಡಿನವರದು ಪ್ರೊಪ್ರೈಟರ್‌ಶಿಪ್, ಅಂದರೆ ಕಂಪನಿಯಲ್ಲ, ಒಬ್ಬರದೇ ಸ್ವಂತ ವ್ಯವಹಾರ. ಬೋರ್ಡಿನ ಮೇಲೆ ದೇವರ ಹೆಸರು, ಪ್ಯಾನ್ ಕಾರ್ಡಿನ ಮೇಲೆ ಅವರದೇ ಹೆಸರು.

ಮಾನ್ಯರೇ, ನಿಮ್ಮ ಸಚಿವಾಲಯ 2019ರ ನವೆಂಬರ್ 15ರಂದು ಒಂದು ಅಧಿಸೂಚನೆ ಹೊರಡಿಸಿತು. ಅದರಂತೆ ದಿವಾಳಿ ಸಂಹಿತೆಯ ಮೂರನೇ ಭಾಗ, ಅಂದರೆ ಮನುಷ್ಯರ ದಿವಾಳಿಗೆ ಸಂಬಂಧಪಟ್ಟ ಭಾಗ, 2019ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಯಾರಿಗೆ? ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಹಾಗಾಗಿ ಎದುರು ಶೆಡ್ಡಿನವರಿಗೆ ಅರ್ಜಿ ಹಾಕಲು ಒಂದು ಜಾಗ ಸಿಕ್ಕಿತು. ಅರ್ಜಿ ಹಾಕಿದ ದಿನದಿಂದಲೇ ಸಾಲ ವಸೂಲಿಯ ದಾವೆಗಳಿಗೆ ತಡೆ ಬಿತ್ತು. ಅರ್ಜಿ ಅಂಗೀಕಾರವಾದರೆ 180 ದಿನಗಳ ಮೊರಟೋರಿಯಂ, ಅಂದರೆ ವಸೂಲಿಯಿಂದ ಬಿಡುವು. ಅಷ್ಟರೊಳಗೆ ದಿವಾಳಿ ವೃತ್ತಿಪರರೊಬ್ಬರ ನೆರವಿನಿಂದ 'ನನ್ನ ಕೈಲಿ ಇಷ್ಟಾಗುತ್ತದೆ, ಇಷ್ಟು ವರ್ಷದಲ್ಲಿ ಕಟ್ಟುತ್ತೇನೆ' ಎಂಬ ಮರುಪಾವತಿ ಯೋಜನೆ ಇಡಬಹುದು. ಸಾಲದ ಮೊತ್ತದ ಲೆಕ್ಕದಲ್ಲಿ ನಾಲ್ಕನೇ ಮೂರು ಪಾಲಿಗಿಂತ ಹೆಚ್ಚು ಸಾಲ ಕೊಟ್ಟವರು ಒಪ್ಪಿದರೆ ಅದೇ ಇತ್ಯರ್ಥ. ಒಪ್ಪದಿದ್ದರೆ ದಿವಾಳಿ ಘೋಷಣೆ. ಅದರಿಂದಲೂ ಹೆಚ್ಚೆಂದರೆ ಒಂದು ವರ್ಷದಲ್ಲಿ ಬಿಡುಗಡೆಯಾಗುವ ಅವಕಾಶ ಸಂಹಿತೆಯಲ್ಲಿದೆ. ಎಲ್ಲವೂ ಹೂವಿನ ಹಾಸಿಗೆಯೇನಲ್ಲ. ಚೆಕ್ ಬೌನ್ಸ್ ಕೇಸು ಈ ತಡೆಯಿಂದ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ವಕೀಲರ ಫೀಸು, ಓಡಾಟ ಎಲ್ಲ ಇದ್ದೇ ಇದೆ. ಆದರೂ ಅವರಿಗೆ ಕೇಸ್ ನಂಬರ್ ಇದೆ, ಮುಂದಿನ ತಾರೀಕು ಇದೆ. ವಸೂಲಿಯವರು ಬಂದರೆ ತೋರಿಸಲು ಒಂದು ಆರ್ಡರ್ ಕಾಪಿ ಇದೆ.

ಮೂಲೆ ಶೆಡ್ಡಿನವರಿಗೆ ಇದು ಯಾವುದೂ ಇಲ್ಲ.

ಅವರ ಗತಿ ಏನಾಯಿತು ಹೇಳುತ್ತೇನೆ. ಮಷಿನ್ ಅನ್ನು ಬ್ಯಾಂಕ್ ಎತ್ತಿಕೊಂಡು ಹೋಗಿ ಹರಾಜು ಹಾಕಿತು. ಬಂದ ದುಡ್ಡು ಅಸಲಿಗೂ ಸಾಲಲಿಲ್ಲ, ಬಾಕಿ ಹಾಗೇ ನಿಂತಿತು. ಅದರ ಕಂತು ತಪ್ಪಬಾರದೆಂದು ಅವರು ಮೊದಲೇ ಪರ್ಸನಲ್ ಲೋನ್ ಎತ್ತಿದ್ದರು, ಅದರ ಕಂತಿಗೆ ಕ್ರೆಡಿಟ್ ಕಾರ್ಡ್, ಕಾರ್ಡಿನ ಮಿನಿಮಮ್ ಡ್ಯೂ ಕಟ್ಟಲು ಮೊಬೈಲ್ ಆ್ಯಪ್, ಆ್ಯಪ್‌ನವರ ಕಾಟ ತಡೆಯಲಾರದೆ ಮಾರ್ಕೆಟ್ಟಿನ ಮೀಟರ್ ಬಡ್ಡಿ. ಕಾರ್ಡಿನ ಲೆಕ್ಕವೊಂದನ್ನೇ ಬಿಡಿಸಿ ತೋರಿಸುತ್ತೇನೆ. ಬಾಕಿ 1 ಲಕ್ಷ, ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳ ಬಡ್ಡಿ 3,500 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 630. ಒಟ್ಟು 4,130. ಮಿನಿಮಮ್ ಡ್ಯೂ ಶೇ 5ರಂತೆ 5,000 ಕಟ್ಟಿದರೆ ಅಸಲಿನಲ್ಲಿ ಇಳಿಯುವುದು 870 ರೂಪಾಯಿ. ಕಾರ್ಡ್ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಈಗ ಅದಕ್ಕೊಂದು ಮಿತಿಯೂ ಇಲ್ಲ. ಸಾಲಗಾರ ಸೋಮಾರಿ, ದುಂದುಗಾರ ಅನ್ನುವವರು ಈ 870ರ ಲೆಕ್ಕವನ್ನು ಒಮ್ಮೆ ಕೂತು ಮಾಡಲಿ.

ಈಗ ಅವರು ಬೇರೆಯವರ ಶೆಡ್ಡಿನಲ್ಲಿ ನೈಟ್ ಶಿಫ್ಟ್ ಮಾಡುತ್ತಾರೆ. ಸಂಬಳ ಬ್ಯಾಂಕ್ ಖಾತೆಗೆ ಬೇಡ, ಕೈಗೇ ಕೊಡಿ ಎಂದು ಮಾಲೀಕರನ್ನು ಕೇಳಿಕೊಂಡಿದ್ದಾರೆ. ಖಾತೆಗೆ ಬಿದ್ದ ಮರುಗಳಿಗೆ ಮೂರು ಕಡೆಯ ಆಟೋ ಡೆಬಿಟ್ ಅದನ್ನು ಗುಡಿಸಿಕೊಂಡು ಹೋಗುತ್ತದೆ. ಮನೆ ಬಾಡಿಗೆಗೂ ಉಳಿಯುವುದಿಲ್ಲ. ಡಿಜಿಟಲ್ ಇಂಡಿಯಾ ಎಂದು ನೀವು ಹೇಳುವಾಗ ನಮ್ಮ ಕಡೆಯ ಒಳ್ಳೇ ಕೆಲಸಗಾರನೊಬ್ಬ ಕವರಿನಲ್ಲಿ ನೋಟು ಇಸಕೊಂಡು ಹೋಗುವಂತಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಓದಿದರೆ ಕೋರ್ಟಿನ ಡಿಕ್ರಿ ಇದ್ದರೂ ಸಂಬಳದಲ್ಲಿ ಮೊದಲ ಸಾವಿರ ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಪಾಲು ಮುಟ್ಟುವಂತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ, ಕುಶಲಕರ್ಮಿಯ ಹತ್ಯಾರು, ಹೆಂಗಸಿನ ತಾಳಿ ಇವೂ ಜಪ್ತಿಗೆ ಬರುವುದಿಲ್ಲ. ಕೋರ್ಟು ಮುಟ್ಟಲಾಗದ ಸಂಬಳವನ್ನು ಆಟೋ ಡೆಬಿಟ್ ಮುಟ್ಟುತ್ತಿದೆ. ಹಿಂದೊಮ್ಮೆ ಅವರೇ ಸಹಿ ಹಾಕಿದ ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ಎಳೆದುಕೊಳ್ಳಲು ಕೊಟ್ಟ ಒಪ್ಪಿಗೆ, ಅದಕ್ಕೆ ಸಾಕಾಗಿದೆ.

ಒಂದು ಸಂಜೆ ಅವರು ನನ್ನ ಟೇಬಲ್ಲಿನ ಮೇಲೆ ಫೋನ್ ಇಟ್ಟು, "ಇದೇನು ಓದಿ ಹೇಳಿ" ಅಂದರು. ವಾಟ್ಸ್ಆ್ಯಪ್‌ನಲ್ಲಿ ಬಂದ ಪಿಡಿಎಫ್, ಇಂಗ್ಲಿಷಿನಲ್ಲಿ. ಬೇರೆ ರಾಜ್ಯದ ಊರೊಂದರಲ್ಲಿ ಕೂತ ಮಧ್ಯಸ್ಥಗಾರರು (ಕೋರ್ಟಿನ ಬದಲು ತೀರ್ಮಾನ ಕೊಡುವ ಆರ್ಬಿಟ್ರೇಟರ್), ಸಾಲ ಕೊಟ್ಟ ಸಂಸ್ಥೆ ತಾನೇ ನೇಮಿಸಿಕೊಂಡವರು, ವಿಡಿಯೋ ಮೂಲಕ ವಿಚಾರಣೆ ಇಟ್ಟಿದ್ದರು. ವಿಚಾರಣೆಯ ದಿನ ಆಗಲೇ ಕಳೆದುಹೋಗಿತ್ತು. ಫೋನಿನ ಗಾಜು ಒಡೆದಿದ್ದರಿಂದ ಮೊತ್ತದ ಅಂಕಿಗಳು ಎರಡೆರಡಾಗಿ ಕಾಣುತ್ತಿದ್ದವು, ಅವರು ಬೆರಳಿನಿಂದ ಪುಟ ಹಿಗ್ಗಿಸಿ, "ಇದು ಎಂಟೋ ಮೂರೋ?" ಅಂತ ಕೇಳುತ್ತಿದ್ದರು. ನಾನು ಹೇಳುತ್ತಿರುವಾಗಲೇ ಎರಡು ಕಾಲ್ ಬಂದವು, ಎರಡೂ ಗೊತ್ತಿಲ್ಲದ ನಂಬರ್. ಸಂಜೆ 7ರ ನಂತರ, ಬೆಳಿಗ್ಗೆ 8ಕ್ಕೆ ಮೊದಲು ವಸೂಲಿ ಕಾಲ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲೇ ಹೇಳಿದೆ. ನನ್ನ ಗೋಡೆ ಗಡಿಯಾರದಲ್ಲಿ ಎಂಟೂವರೆ ಆಗಿತ್ತು. ಕುಣಿಗಲ್ಲಿನಲ್ಲಿರುವ ಅವರ ಬಾಮೈದನಿಗೂ, ಹಿಂದೆ ಶೆಡ್ ಬಾಡಿಗೆಗೆ ಕೊಟ್ಟಿದ್ದವರಿಗೂ ಅದೇ ಜನ ಫೋನ್ ಮಾಡಿದ್ದರು. ಸಾಲಗಾರನಿಗೆ ಕಳಿಸುವ ಪತ್ರ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನದೇ ನ್ಯಾಯಯುತ ವ್ಯವಹಾರ ಸಂಹಿತೆ ಹೇಳುತ್ತದೆ. ಸಾಲ ಕೊಡುವಾಗ ಜಾಹೀರಾತು, ಎಸ್ಸೆಮ್ಮೆಸ್ಸು, ಕಾಲ್ ಮಾಡುವ ಹುಡುಗಿ ಎಲ್ಲವೂ ಅಚ್ಚ ಕನ್ನಡ. ನೋಟಿಸ್ ಮಾತ್ರ ಇಂಗ್ಲಿಷು.

ಮಾನ್ಯರೇ, ಇದು ವಸೂಲಿಯವರ ಒರಟುತನದ ದೂರಷ್ಟೇ ಆಗಿದ್ದರೆ ನಾನು ಇದನ್ನು ಪೊಲೀಸ್ ಕಮಿಷನರ್‌ಗೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೋ ಬರೆಯುತ್ತಿದ್ದೆ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. ಕಟ್ಟುವ ಮನಸ್ಸಿದ್ದು, ಎಲ್ಲವನ್ನೂ ಕಟ್ಟುವ ಶಕ್ತಿ ಇಲ್ಲದ ಒಬ್ಬ ಮನುಷ್ಯ, 'ನನ್ನ ಹತ್ತಿರ ಇರುವುದು ಇಷ್ಟು, ಬರುವುದು ಇಷ್ಟು, ಕೊಡಬೇಕಾದ್ದು ಇಷ್ಟು, ಎಲ್ಲರನ್ನೂ ಒಂದೇ ಕಡೆ ಕೂರಿಸಿ ತೀರ್ಮಾನ ಮಾಡಿ' ಎಂದು ಕೇಳಲು ಈ ದೇಶದಲ್ಲಿ ಯಾವ ಮೇಜಿನ ಮುಂದೆ ಹೋಗಿ ನಿಲ್ಲಬೇಕು?

ಕಾನೂನು ಇಲ್ಲವೆಂದಲ್ಲ. ದಿವಾಳಿ ಕಾನೂನಿನ ಸುಧಾರಣೆಗೆಂದು ನೇಮಕವಾದ ಟಿ.ಕೆ. ವಿಶ್ವನಾಥನ್ ಅಧ್ಯಕ್ಷತೆಯ ಸಮಿತಿ 2015ರ ನವೆಂಬರ್‌ನಲ್ಲಿ ವರದಿ ಕೊಟ್ಟಾಗಲೇ ಕಂಪನಿಗಳ ಜೊತೆ ಮನುಷ್ಯರ ದಿವಾಳಿಯನ್ನೂ ಸೇರಿಸಿತ್ತು. 2016ರ ಮೇ 28ರಂದು ಸಂಹಿತೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸಂಹಿತೆಯ 2ನೇ ಸೆಕ್ಷನ್ನಿಗೆ 2018ರ ತಿದ್ದುಪಡಿ ಬಂದಾಗ ವ್ಯಕ್ತಿಗಳನ್ನು ಮೂರು ಗುಂಪು ಮಾಡಲಾಯಿತು: ಕಂಪನಿ ಸಾಲದ ಜಾಮೀನುದಾರರು ಒಂದು, ಪಾಲುದಾರಿಕೆ ಮತ್ತು ಪ್ರೊಪ್ರೈಟರ್‌ಶಿಪ್ ಸಂಸ್ಥೆಗಳು ಎರಡು, ಉಳಿದ ವ್ಯಕ್ತಿಗಳು ಮೂರು. ಒಂದೊಂದು ಗುಂಪಿಗೆ ಒಂದೊಂದು ಸಲ ಜಾರಿ ಮಾಡಲು ಅನುಕೂಲವಾಗಲಿ ಎಂದೇ ಹೀಗೆ ಬಿಡಿಸಿದ್ದು. ಮೊದಲ ಗುಂಪಿಗೆ ಮಾತ್ರ ಜಾರಿ ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಬಂದಾಗ ಸುಪ್ರೀಂ ಕೋರ್ಟ್ 2021ರ ಮೇನಲ್ಲಿ ಸರ್ಕಾರದ ಪರವಾಗಿ ನಿಂತಿತು. ಹಂತ ಹಂತವಾಗಿ ತರುವ ಅಧಿಕಾರ ಸರ್ಕಾರಕ್ಕಿದೆ ಎಂದಿತು. ಸರಿ. ಮೊದಲ ಹಂತ 2019ರಲ್ಲಿ ಮುಗಿಯಿತು. ಎರಡನೇ ಹಂತ ಎಲ್ಲಿ?

ಈ ನಡುವೆ ಸರ್ಕಾರ ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಕೋವಿಡ್ ಬಂದ ತಿಂಗಳಲ್ಲೇ, 2020ರ ಮಾರ್ಚ್‌ನಲ್ಲಿ, ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯಲು ಬೇಕಾದ ಬಾಕಿಯ ಮಿತಿಯನ್ನು 1 ಲಕ್ಷದಿಂದ 1 ಕೋಟಿಗೆ ಏರಿಸಿದಿರಿ. 2021ರಲ್ಲಿ ಎಂಎಸ್‌ಎಂಇಗಳಿಗೆಂದೇ, ಅಂದರೆ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದೇ, ಪ್ರೀ ಪ್ಯಾಕ್ ಎಂಬ ಬೇರೆ ಪ್ರಕ್ರಿಯೆ ತಂದಿರಿ. ಎಂಎಸ್‌ಎಂಇ ಅಂದೊಡನೆ ಪೀಣ್ಯದವರು ಕಿವಿ ನಿಮಿರಿಸಿದೆವು. ಓದಿ ನೋಡಿದರೆ ಅದೂ ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿರುವ ಎಂಎಸ್‌ಎಂಇಗೆ ಮಾತ್ರ. ಪೀಣ್ಯದಿಂದ ರಾಜಾಜಿನಗರದವರೆಗೆ, ಆಚೆ ಬೊಮ್ಮಸಂದ್ರದವರೆಗೆ ಸಣ್ಣ ಶೆಡ್ಡುಗಳಲ್ಲಿ ಹೆಚ್ಚಿನವು ಯಾರೋ ಒಬ್ಬರ ಪ್ಯಾನ್ ಕಾರ್ಡಿನ ಮೇಲೆ ನಡೆಯುವಂಥವು. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದಿರಿ. ಒಂದೇ ಗುಂಪಿನ ಕಂಪನಿಗಳ ದಿವಾಳಿಗೆ, ಗಡಿಯಾಚೆ ಆಸ್ತಿ ಇರುವ ಕಂಪನಿಗಳ ದಿವಾಳಿಗೆ ಅದರಲ್ಲಿ ಜಾಗ ಇತ್ತು.

ಬ್ರಿಟಿಷರ ಕಾಲದ 1909 ಮತ್ತು 1920ರ ದಿವಾಳಿ ಕಾಯ್ದೆಗಳನ್ನು ರದ್ದು ಮಾಡುವ 243ನೇ ಸೆಕ್ಷನ್ ಸಂಹಿತೆಯಲ್ಲೇ ಇದೆ, ಅದನ್ನೂ ಜಾರಿಗೆ ತಂದಿಲ್ಲ. 1920ರ ಕಾಯ್ದೆಯಲ್ಲಿ ಸಾಲ 500 ರೂಪಾಯಿ ಇದ್ದರೆ ದಿವಾಳಿ ಅರ್ಜಿ ಹಾಕಬಹುದು. ಆ 500 ಇವತ್ತು ನಮ್ಮ ಕಡೆ ಹೆಲ್ಪರ್‌ನ ಒಂದು ದಿನದ ಕೂಲಿಗೂ ಸಾಲದು. ಸಿವಿಲ್ ಕೋರ್ಟಿಗೆ ಐ.ಪಿ., ಅಂದರೆ ದಿವಾಳಿ ಅರ್ಜಿ, ಹಾಕುವ ಆ ಹಳೆಯ ದಾರಿಯಲ್ಲಿ ಹೋಗಿ ಎಂದು ಹೇಳಿದರೆ ವಕೀಲರೇ ತಲೆ ಅಲ್ಲಾಡಿಸುತ್ತಾರೆ. ಊರಲ್ಲಿ ಪಾಪರ್ ಚೀಟಿ ಕೊಟ್ಟ ಅನ್ನಿಸಿಕೊಂಡರೆ ಮಗಳಿಗೆ ಸಂಬಂಧ ಬರುವುದಿಲ್ಲ ಅನ್ನುವ ಭಯ ಬೇರೆ. ಕಂಪನಿ ಮುಳುಗಿದರೆ ಅದು 'ರೆಸಲ್ಯೂಷನ್', ಪೇಪರಿನ ವ್ಯಾಪಾರ ಪುಟದಲ್ಲಿ ಬರುತ್ತದೆ. ಟರ್ನರ್ ಮುಳುಗಿದರೆ ಮಾನ ಹೋಗುತ್ತದೆ.

ಇದನ್ನು ಜಾರಿಗೆ ತಂದರೆ ಎಲ್ಲರೂ ಸಾಲ ಎತ್ತಿ ಕೈ ಎತ್ತಿಬಿಡುತ್ತಾರೆ ಎಂಬ ವಾದವನ್ನು ಬ್ಯಾಂಕಿನ ಗೆಳೆಯರಿಂದ ಬೇಕಾದಷ್ಟು ಕೇಳಿದ್ದೇನೆ. ತಳ್ಳಿಹಾಕುವ ವಾದವಲ್ಲ ಅದು. ಆದರೆ ಸಂಹಿತೆಯನ್ನು ಓದಿದವರು ಹಾಗೆ ಹೇಳಲಾರರು. ದಿವಾಳಿ ಘೋಷಣೆಯಾದವನ ಆಸ್ತಿ ಟ್ರಸ್ಟಿಯ ಕೈಗೆ ಹೋಗುತ್ತದೆ. ಅವನು ಕಂಪನಿಯ ನಿರ್ದೇಶಕನಾಗುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಅನುಮತಿಯಿಲ್ಲದೆ ವಿದೇಶಕ್ಕೆ ಹೋಗುವಂತಿಲ್ಲ. ಸುಳ್ಳು ಲೆಕ್ಕ ಕೊಟ್ಟರೆ, ಆಸ್ತಿ ಬಚ್ಚಿಟ್ಟರೆ ಜೈಲು ಶಿಕ್ಷೆಗೂ ಅವಕಾಶವಿದೆ. ಕೋರ್ಟಿನ ದಂಡ, ಹೆಂಡತಿ ಮಕ್ಕಳ ಜೀವನಾಂಶ, ಅಷ್ಟೇಕೆ ವಿದ್ಯಾರ್ಥಿ ಸಾಲ ಕೂಡ ಮನ್ನಾ ಆಗುವುದಿಲ್ಲ (ಕೆಲಸ ಕಳೆದುಕೊಂಡ ಐಟಿ ಹುಡುಗರು ಇದನ್ನು ಗಮನಿಸಬೇಕು). ಇಷ್ಟೆಲ್ಲ ಕಟ್ಟುಪಾಡುಗಳ ಮಧ್ಯೆ ಮೋಜಿಗಾಗಿ ಯಾರು ದಿವಾಳಿಯಾಗುತ್ತಾರೆ? ಕೇಡಿನ ಬುದ್ಧಿಯವನಿಗೆ ಈಗಲೂ ದಾರಿಗಳಿವೆ. ಅವನು ಆಸ್ತಿಯನ್ನು ಭಾವನ ಹೆಸರಿಗೆ ಬರೆದು ಊರು ಬಿಡುತ್ತಾನೆ. ದಾರಿ ಇಲ್ಲದಿರುವುದು ಪುಸ್ತಕ ಸರಿಯಾಗಿ ಇಟ್ಟವನಿಗೆ. ಸಾಲ ಕಟ್ಟಲಾಗದ ಬಡತನ ಅಪರಾಧವಲ್ಲ, ದುಡ್ಡಿದ್ದೂ ಕೊಡದಿರುವ ದುರುದ್ದೇಶ ಇದ್ದರಷ್ಟೇ ಸಿವಿಲ್ ಜೈಲು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ 1980ರಲ್ಲೇ ತೀರ್ಪು ಕೊಟ್ಟಿದೆ.

ಇನ್ನೊಂದು ಪ್ರಸಂಗ. ಲಗ್ಗೆರೆಯ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬರು ನನ್ನ ಬಳಿ ಬಂದಿದ್ದು ಪರಿಚಿತರೊಬ್ಬರ ಮೂಲಕ. ಬಟ್ಟೆ ಅಂಗಡಿಯ ಚೀಲದ ತುಂಬ ಸಂಘದ ಸಾಲದ ಪುಸ್ತಕಗಳು. ಒಂದರ ಕಂತು ವಾರಕ್ಕೊಮ್ಮೆ, ಒಂದರದು ಹದಿನೈದು ದಿನಕ್ಕೆ, ಮಿಕ್ಕವು ತಿಂಗಳಿಗೆ. ಮೈಕ್ರೋ ಫೈನಾನ್ಸ್ ಕಂತುಗಳು ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳುತ್ತದೆ. ಪುಸ್ತಕಗಳನ್ನು ಸಾಲಾಗಿ ಜೋಡಿಸಿ ಕೂಡಿಸಿದೆ. ಅವರ ಸಂಬಳ, ಗಂಡನ ಆಟೋ ಸಂಪಾದನೆ ಎರಡೂ ಸೇರಿದರೂ ಕಂತುಗಳೇ ಹೆಚ್ಚಿದ್ದವು. ಕೊನೆಯ ಪುಸ್ತಕ ಕೊಟ್ಟವರು ಹಿಂದಿನ ಪುಸ್ತಕಗಳನ್ನು ನೋಡಲಿಲ್ಲವೇ ಅಂದೆ. "ನೋಡಿದ್ರು ಅಣ್ಣ, ಅದನ್ನ ತೀರ್ಸೋಕೇ ಇದು ತಗೊಳ್ಳಿ ಅಂದ್ರು" ಅಂದರು ಆಯಮ್ಮ.

ಇಂಥವರಿಗಾಗಿಯೇ ಸಂಹಿತೆಯಲ್ಲಿ 'ಹೊಸ ಆರಂಭ' ಎಂಬ ಅಧ್ಯಾಯವಿದೆ, 80ನೇ ಸೆಕ್ಷನ್ನಿನಿಂದ ಮುಂದೆ. ಆಸ್ತಿಯೇ ಇಲ್ಲದ ಬಡವರ ಸಾಲವನ್ನು ಪರಿಶೀಲಿಸಿ ಮನ್ನಾ ಮಾಡುವ ದಾರಿ ಅದು. ಅರ್ಹತೆ ನೋಡಿ: ವರ್ಷದ ಒಟ್ಟು ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿಯ ಬೆಲೆ 20,000 ಮೀರಬಾರದು, ಮನ್ನಾ ಆಗಬಹುದಾದ ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ತಿಂಗಳಿಗೆ 5,000 ರೂಪಾಯಿ ಆದಾಯದಲ್ಲಿ ಬೆಂಗಳೂರಿನಲ್ಲಿ ಸಂಸಾರ ಮಾಡುವವರನ್ನು ನಾನಂತೂ ಕಂಡಿಲ್ಲ. ಲಗ್ಗೆರೆಯಲ್ಲಿ ಒಂದು ಕೋಣೆಯ ಬಾಡಿಗೆಗೇ ಅದು ಹೋಗುತ್ತದೆ. ಅಂದರೆ ನಾಳೆ ಬೆಳಿಗ್ಗೆಯೇ ಮೂರನೇ ಭಾಗವನ್ನು ಪೂರ್ತಿ ಜಾರಿಗೆ ತಂದರೂ ಆ ಹೆಣ್ಣುಮಗಳು ಇದಕ್ಕೆ ಅರ್ಹರಲ್ಲ. 2016ರಲ್ಲೇ ಕಡಿಮೆ ಅನ್ನಿಸುತ್ತಿದ್ದ ಅಂಕಿಗಳು ಜಾರಿಯಾಗುವ ಮೊದಲೇ ಹಳಸಿವೆ.

ನಮ್ಮ ರಾಜ್ಯ ತನ್ನ ಕೈಲಾದದ್ದು ಮಾಡಿದೆ ಎಂಬುದನ್ನು ಮರೆಮಾಚುವುದಿಲ್ಲ. ದೇವರಾಜ ಅರಸರ ಕಾಲದಲ್ಲಿ 1976ರ ಋಣ ಪರಿಹಾರ ಕಾಯ್ದೆ ಬಂತು. ಮೀಟರ್ ಬಡ್ಡಿಯ ವಿರುದ್ಧ 2004ರ ಕಾಯ್ದೆ ಇದೆ. 2019ರಲ್ಲಿ ಜಾರಿಗೆ ಬಂದ ಇನ್ನೊಂದು ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂಹೀನ ಕೂಲಿಗಳು, ದುರ್ಬಲ ವರ್ಗದವರ ಖಾಸಗಿ ಲೇವಾದೇವಿ ಸಾಲಕ್ಕೆ ಒಂದು ಸಲದ ಬಿಡುಗಡೆ ಕೊಟ್ಟಿತು. ಚಾಮರಾಜನಗರ, ಮೈಸೂರು ಕಡೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಟಿತು: 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇವೆಲ್ಲ ಬೇಕಾದವೇ. ಆದರೆ ಹೊಡೆಯುವ ಕೈಯನ್ನು ಹಿಡಿದ ಮಾತ್ರಕ್ಕೆ ಸಾಲ ಇತ್ಯರ್ಥವಾಗುವುದಿಲ್ಲ. ಬ್ಯಾಂಕಿನ, ಕಾರ್ಡಿನ, ಆ್ಯಪ್‌ನ ಸಾಲವನ್ನೆಲ್ಲ ಒಟ್ಟಿಗೆ ಹಾಕಿ ತೀರ್ಮಾನಿಸುವ ಕಾನೂನು ಕೇಂದ್ರದ ಕಪಾಟಿನಲ್ಲಿದೆ.

ಹೀಗಾಗಿ ನಾನು ಕೇಳುವುದು ಇಷ್ಟು. ಮೊದಲು, ಸಂಹಿತೆಯ 2ನೇ ಸೆಕ್ಷನ್ನಿನ ಎರಡನೇ ಗುಂಪಿಗೆ, ಪ್ರೊಪ್ರೈಟರ್‌ಶಿಪ್ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ, ಮೂರನೇ ಭಾಗವನ್ನು ಜಾರಿ ಮಾಡಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸಂಸತ್ತಿಗೆ ಹೋಗಬೇಕಿಲ್ಲ. 2019ರಲ್ಲಿ ಹೊರಡಿಸಿದಂಥದೇ ಇನ್ನೊಂದು ಅಧಿಸೂಚನೆ ಸಾಕು. ಈ ಸಂಸ್ಥೆಗಳಿಗೆ ಜಿಎಸ್‌ಟಿ ನೋಂದಣಿ, ಉದ್ಯಮ್ ನೋಂದಣಿ, ಐಟಿ ರಿಟರ್ನ್ ಎಲ್ಲ ಇರುವುದರಿಂದ ಯಾರು ನಿಜ, ಯಾರು ಸುಳ್ಳು ಎಂದು ತಿಳಿಯುವುದು ನಿಮ್ಮ ಅಧಿಕಾರಿಗಳಿಗೆ ಕಷ್ಟವಲ್ಲ. ಮೂರನೇ ಗುಂಪಿನ ಸಾಮಾನ್ಯ ಸಂಬಳದಾರರಿಗೆ ಯಾವಾಗ ಎಂಬುದಕ್ಕೆ ಒಂದು ತಾರೀಕನ್ನಾದರೂ ಘೋಷಿಸಿ.

'ಹೊಸ ಆರಂಭ'ದ ಅಂಕಿಗಳು ಕಾಯ್ದೆಯ ಪಠ್ಯದಲ್ಲೇ ಇರುವುದರಿಂದ ಅದಕ್ಕೆ ತಿದ್ದುಪಡಿ ಬೇಕಾಗುತ್ತದೆ, ಒಪ್ಪುತ್ತೇನೆ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಕುಟುಂಬದ ಆದಾಯದ ಮಿತಿ ವರ್ಷಕ್ಕೆ 3 ಲಕ್ಷ ಎಂದು ರಿಸರ್ವ್ ಬ್ಯಾಂಕೇ ಇಟ್ಟುಕೊಂಡಿದೆ. 3 ಲಕ್ಷದವರೆಗಿನ ಆದಾಯದವರು ಬಡವರೆಂದು ಸಾಲ ಕೊಡುವಾಗ ಒಪ್ಪುವುದಾದರೆ, ಸಾಲದಿಂದ ಬಿಡಿಸುವಾಗಲೂ ಅದೇ ಅಳತೆಗೋಲು ಯಾಕೆ ಬೇಡ?

ಅರ್ಜಿ ಕೇಳುವವರು ಯಾರು ಎಂಬ ಪ್ರಶ್ನೆಯೂ ಇದೆ. ಸಂಹಿತೆಯ ಪ್ರಕಾರ ಮನುಷ್ಯರ ದಿವಾಳಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. 20 ಲಕ್ಷಕ್ಕಿಂತ ದೊಡ್ಡ ಬ್ಯಾಂಕ್ ಬಾಕಿಗಳನ್ನು ನೋಡುವ ಜಾಗ ಅದು, ಈಗಿನ ಕೇಸುಗಳಲ್ಲೇ ಮುಳುಗಿದೆ. ಬೀದರಿನ ಬೀಡಾ ಅಂಗಡಿಯವರು ಬೆಂಗಳೂರಿಗೆ ಬಂದು ಅಲ್ಲಿ ನಿಲ್ಲಲಾರರು. ಸಣ್ಣ ಮೊತ್ತದ ಅರ್ಜಿಗಳನ್ನು ಜಿಲ್ಲಾ ಕೋರ್ಟುಗಳಿಗೆ ಕೊಡಿ, ಅರ್ಜಿ ನಮೂನೆ ಕನ್ನಡದಲ್ಲಿರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ತುಂಬಿಕೊಡಲಿ. 2009ರಲ್ಲಿ ರಿಸರ್ವ್ ಬ್ಯಾಂಕ್ 'ಆರ್ಥಿಕ ಸಾಕ್ಷರತೆ ಮತ್ತು ಸಾಲ ಸಮಾಲೋಚನೆ ಕೇಂದ್ರ'ಗಳ ಯೋಜನೆ ತಂದಿತ್ತು. ಸಾಕ್ಷರತೆಯ ಶಿಬಿರಗಳು ಈಗಲೂ ನಡೆಯುತ್ತವೆ, ಉಳಿತಾಯ ಮಾಡಿ ಎಂದು ಹೇಳಿ ಕರಪತ್ರ ಹಂಚುತ್ತಾರೆ. ಮುಳುಗಿದವನ ಪುಸ್ತಕಗಳನ್ನು ಸಾಲಾಗಿ ಜೋಡಿಸಿ ಕೂಡಿಸಿ ಹೇಳುವ ಸಮಾಲೋಚಕರನ್ನು ನಮ್ಮ ಕಡೆ ನಾನು ಕಂಡಿಲ್ಲ. ಆ ಕೆಲಸ ನನ್ನಂಥ ಲೆಕ್ಕದವರ ಮೇಲೆ ಬಿದ್ದಿದೆ.

ಅಧಿಸೂಚನೆ ಹೊರಡುವವರೆಗೆ ರಿಸರ್ವ್ ಬ್ಯಾಂಕಿನ ಮೂಲಕ ಮಾಡಿಸಬಹುದಾದ ಕೆಲಸಗಳೂ ಇವೆ. ಸಾಲಗಾರ ತನ್ನ ಎಲ್ಲ ಸಾಲಗಳ ಪಟ್ಟಿಯೊಂದಿಗೆ ಲಿಖಿತ ಮನವಿ ಕೊಟ್ಟರೆ ಕನಿಷ್ಠ 60 ದಿನ ಆಟೋ ಡೆಬಿಟ್ಟೂ ವಸೂಲಿಯೂ ನಿಲ್ಲಲಿ. ಸಂಬಳ ಬೀಳುವ ಖಾತೆಯಲ್ಲಿ 60ನೇ ಸೆಕ್ಷನ್ ಕಾಯುವ ಪಾಲನ್ನು ಯಾವ ಮ್ಯಾಂಡೇಟೂ ಮುಟ್ಟದಿರಲಿ. ಮಧ್ಯಸ್ಥಿಕೆ ನಡೆಯಬೇಕಿದ್ದರೆ ಸಾಲಗಾರನ ಜಿಲ್ಲೆಯಲ್ಲಿ, ಅವನ ಭಾಷೆಯಲ್ಲಿ ನಡೆಯಲಿ.

ಮಾನ್ಯರೇ, ಈ ಪತ್ರ ಬಹಿರಂಗವಾದದ್ದರಿಂದ ನಿಮ್ಮ ಜೊತೆಗೆ ಸಾಲದಲ್ಲಿರುವವರೂ ಓದುತ್ತಾರೆ. ನಿಮ್ಮ ಅನುಮತಿ ಇದೆ ಎಂದುಕೊಂಡು ಅವರಿಗೆ ನಾಲ್ಕು ಮಾತು. ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ, ಬಡ್ಡಿ ದರದ ಸಮೇತ, ಮನೆಯವರಿಗೆ ತೋರಿಸಿ. ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವುದನ್ನು ಇವತ್ತೇ ನಿಲ್ಲಿಸಿ. ಚೆಕ್ ಕೊಟ್ಟಿದ್ದರೆ ಅದರ ಬಗ್ಗೆ ಮೊದಲು ವಕೀಲರನ್ನು ಕೇಳಿ, ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು. ಸೆಟಲ್‌ಮೆಂಟ್ ಅಂದರೆ ಬಾಯಿಮಾತು ನಂಬಬೇಡಿ, ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಪತ್ರ ಬಂದ ಮೇಲೆ ಕಟ್ಟಿ, ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ನೋ ಡ್ಯೂಸ್ ಪತ್ರ ಇಸಕೊಳ್ಳಿ. ಸಿಬಿಲ್‌ನಲ್ಲಿ 'ಸೆಟಲ್ಡ್' ಎಂದು ವರ್ಷಗಟ್ಟಲೆ ಉಳಿಯುತ್ತದೆ ಎಂಬುದೂ ಗೊತ್ತಿರಲಿ. ದೂರು ಕೊಟ್ಟು 30 ದಿನದಲ್ಲಿ ಸಂಸ್ಥೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದುಡ್ಡಿಲ್ಲದೆ ದೂರು ಹಾಕಬಹುದು, 14448ಕ್ಕೆ ಕರೆ ಮಾಡಿದರೆ ವಿವರ ಹೇಳುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಇರುವುದು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ, ಸಹಾಯವಾಣಿ 15100. ರಾತ್ರಿ ನಿದ್ದೆ ಬಾರದೆ ಮನಸ್ಸಿಗೆ ಬೇಡದ ಯೋಚನೆ ಬಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದಿನದ ಯಾವ ಹೊತ್ತಾದರೂ ಸರಿ. ಸಾಲ ಯಾರ ಪ್ರಾಣಕ್ಕಿಂತಲೂ ದೊಡ್ಡದಲ್ಲ.

ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ಎದುರು ಶೆಡ್ಡಿನವರ ಮುಂದಿನ ತಾರೀಕಿಗೆ ಬೇಕಾದ ಬ್ಯಾಲೆನ್ಸ್ ಶೀಟನ್ನು ಈ ವಾರ ತಯಾರಿಸುತ್ತಿದ್ದೇನೆ. ಮೂಲೆ ಶೆಡ್ಡಿನವರೂ ತಮ್ಮದೊಂದು ಪಟ್ಟಿ ಮಾಡಿಸಿಕೊಂಡಿದ್ದಾರೆ: ಆಸ್ತಿ, ಆದಾಯ, ಸಾಲ ಕೊಟ್ಟವರ ಹೆಸರು, ತಿಂಗಳಿಗೆ ಎಷ್ಟು ಕಟ್ಟಬಲ್ಲರು ಎಂಬುದು. ಪ್ರತಿ ಹಾಳೆಗೂ ಸಹಿ ಹಾಕಿದ್ದಾರೆ. ಅದನ್ನು ಯಾವ ಕಚೇರಿಗೆ ಸಲ್ಲಿಸಬೇಕು ಎಂದು ನಿಮ್ಮ ಸಚಿವಾಲಯ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಈ ಪತ್ರದ ಪ್ರತಿಗಳನ್ನು ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೂ, ವಿಧಾನಸೌಧದಲ್ಲಿ ಮುಖ್ಯಮಂತ್ರಿಗಳ ಕಚೇರಿಗೂ ಕಳಿಸಿದ್ದೇನೆ. ದಿವಾಳಿ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಅಧಿಕಾರವಿರುವ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯವೂ ಈ ಬಗ್ಗೆ ನಿಮಗೆ ಬರೆಯಬೇಕೆಂದು ಅಲ್ಲಿ ವಿನಂತಿಸಿದ್ದೇನೆ.

ಗೌರವಗಳೊಂದಿಗೆ,

ಪೀಣ್ಯದ ಒಬ್ಬ ಲೆಕ್ಕ ಬರೆಯುವವ
ಬೆಂಗಳೂರು